ನಾಲ್ಕೂವರೆಗೆ ಮೈಕ್, ಅರ್ಜಿಗೆ ಒಂದೇ ಸಹಿ

ಇವತ್ತೂ ಬೆಳಗ್ಗೆ ನಾಲ್ಕೂ ಮೂವತ್ತೈದಕ್ಕೆ ದೇವಸ್ಥಾನದವ್ರು ಮೈಕ್ ಹಾಕಿ ಎಬ್ಬಿಸಿದ್ರು. ಧನುರ್ಮಾಸ ಸ್ವಾಮಿ, ಗೊತ್ತು ನಂಗೂ, ಹುಗ್ಗಿ ಪ್ರಸಾದಕ್ಕೆ ಕ್ಯೂ ನಿಂತು ಎರಡೆರಡು ದೊನ್ನೆ ತಿನ್ನೋನೇ ನಾನು, ನಾಸ್ತಿಕ ಗೀಸ್ತಿಕ ಅಂತ ಕಾಮೆಂಟಲ್ಲಿ ಶುರು ಹಚ್ಕೋಬೇಡಿ. ಆದ್ರೆ ಆ ಹಾರ್ನ್ ಸ್ಪೀಕರ್ ನಮ್ಮ ಕಿಟಕಿಗೇ ಮುಖ ಮಾಡಿ ಕೂತಿದೆ. ಅಮ್ಮಂಗೆ ನಿದ್ದೆ ಹತ್ತೋದೇ ಎರಡು ಗಂಟೆಗೆ. ಮೊದಲು "ಹಲೋ ಹಲೋ", ಆಮೇಲೆ ಫೂ ಫೂ ಅಂತ ಊದೋದು, ಆಮೇಲೆ ಪೆನ್‌ಡ್ರೈವ್ ಹಾಡು. ಪೂಜೆ ಶುರುವಾಗೋದು ಐದೂವರೆಗೆ! ಅಲ್ಲೀವರೆಗೂ ಅರ್ಚಕರೇ ಬಂದಿರಲ್ಲ.

ತಲೆ ಕೆಟ್ಟು ರೂಲ್ಸ್ ಓದ್ದೆ. 2000ದ ಶಬ್ದಮಾಲಿನ್ಯ ನಿಯಮ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗಡೆ ಲೌಡ್‌ಸ್ಪೀಕರ್ ಹಾಕೋ ಹಾಗಿಲ್ಲ, ಹಗಲಲ್ಲೂ ಲಿಖಿತ ಪರ್ಮಿಷನ್ ಬೇಕು. ಮನೆಗಳಿರೋ ಏರಿಯಾದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಹಬ್ಬಕ್ಕೆ ಅಂತ ಸರ್ಕಾರ ವಿನಾಯಿತಿ ಕೊಟ್ರೂ ವರ್ಷಕ್ಕೆ 15 ದಿನ, ಅದೂ ರಾತ್ರಿ 10ರಿಂದ 12ರವರೆಗೆ ಮಾತ್ರ. ಬೆಳಗಿನ ಜಾವಕ್ಕೆ ಹಬ್ಬದ ವಿನಾಯಿತಿ ಅನ್ನೋದೇ ಇಲ್ಲ! 2022ರಲ್ಲಿ ನಮ್ಮ ರಾಜ್ಯ ಸರ್ಕಾರಾನೂ ಇದನ್ನೇ ಮತ್ತೆ ಆದೇಶ ಮಾಡ್ತು, ಟೀವಿಯವ್ರು ವಾರಗಟ್ಟಲೆ ಕಿರುಚಿದ್ರು, ಅದೇ ಒಂದು ಶಬ್ದಮಾಲಿನ್ಯ.

ಸರಿ, 112ಕ್ಕೆ ಫೋನ್ ಮಾಡ್ದೆ. ಪೊಲೀಸ್ರು ಬಂದ್ರು, ವಾಲ್ಯೂಮ್ ಇಳಿಸಿದ್ರು, ಗಾಡಿ ತಿರುವಿನಾಚೆ ಹೋಗಿ ಹತ್ತು ನಿಮಿಷಕ್ಕೆ ಮೊದಲಿನಷ್ಟೇ. ಸ್ಟೇಷನ್‌ಗೆ ಹೋದ್ರೆ "ದೇವ್ರ ವಿಷ್ಯ ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ". ವಕೀಲ ಗೆಳೆಯ ಬೈದ, ಬಾಯಲ್ಲಿ ಹೇಳ್ಬೇಡ ಕಣೋ, ಎಸಿಪಿಗೆ ಬರವಣಿಗೇಲಿ ಕೊಟ್ಟು ಸೀಲ್ ಹಾಕಿಸ್ಕೋ, ಮಾಲಿನ್ಯ ನಿಯಂತ್ರಣ ಮಂಡಳಿಗೂ ಒಂದು ಕಾಪಿ ಹಾಕು, ಅದಕ್ಕೂ ಬಗ್ಗದಿದ್ರೆ ಬಿಎನ್‌ಎಸ್‌ಎಸ್ ಅನ್ನೋ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾನೂನಿನ 152ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟ್ ಹತ್ರ ಹೋಗ್ಬಹುದು, ಕೊನೇಗೆ ಹೈಕೋರ್ಟ್ ರಿಟ್ ಅಂದ. ಫೋನ್ ಆ್ಯಪಲ್ಲಿ ಬಂದ 71 ಡೆಸಿಬಲ್ ತೋರಿಸಿದ್ದಕ್ಕೆ ನಕ್ಕುಬಿಟ್ಟ.

ಈಗ ಬರುತ್ತೆ ನೋಡಿ, "ಮೊದ್ಲು ಅವ್ರದ್ದು ಬಂದ್ ಮಾಡ್ಸಿ". ಮಾಡ್ಸಿ ಮಾರಾಯ್ರೆ, ನಾನೇನು ಅಡ್ಡ ನಿಂತಿದೀನಾ? ರೂಲಲ್ಲಿ ಯಾವ ಧರ್ಮದ ಹೆಸರೂ ಇಲ್ಲ. 2000ದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇದ್ದದ್ದು ಚೆನ್ನೈನ ಚರ್ಚು, ಅಕ್ಕಪಕ್ಕದವರ ನೆಮ್ಮದಿ ಕೆಡಿಸಿ ಪ್ರಾರ್ಥನೆ ಮಾಡಿ ಅಂತ ಯಾವ ಧರ್ಮಾನೂ ಹೇಳಲ್ಲ ಅಂತ ಹೇಳಿ ಕಳಿಸ್ತು. ಅವರ ಸ್ಪೀಕರ್ ನಿಲ್ಲೋವರೆಗೂ ನಮ್ಮಮ್ಮ ಎದ್ದೇ ಇರ್ಬೇಕಾ?

ಇನ್ನೊಂದು ಹೇಳ್ಬಿಡ್ತೀನಿ, ಹೊಟ್ಟೇಲಿ ಇಟ್ಕೊಂಡು ಏನು ಮಾಡ್ಲಿ. ಆ ಸ್ಪೀಕರ್ ತರ್ಸೋಕೆ ಚಂದಾ ಎತ್ತಿದಾಗ ಎರಡು ಸಾವಿರ ಕೊಟ್ಟೋನು ನಾನೇ. ರಸೀದಿ ಇನ್ನೂ ಬೀರುವಲ್ಲಿದೆ.

ಭಾನುವಾರ ಅರ್ಜಿ ಹಿಡ್ಕೊಂಡು ಮನೆಮನೆಗೆ ಹೋದೆ. ಎಲ್ಲರೂ ಕಾಫಿ ಕೊಟ್ರು, ಎಲ್ಲರೂ "ಹೌದಪ್ಪ ತುಂಬಾ ಹಿಂಸೆ" ಅಂದ್ರು. ಎದುರುಮನೆ ಅಂಕಲ್ ಅಂತೂ ಪೆನ್ನು ಕೈಗೆ ತಗೊಂಡ್ರು, ಒಳಗಿಂದ ಆಂಟಿ ಕೆಮ್ಮಿದ್ರು, ಪೆನ್ನು ವಾಪಸ್ ಬಂತು. "ಸೈನ್ ಮಾತ್ರ ಬೇಡಪ್ಪ, ಇವಳು ಭಜನಾ ಮಂಡಳೀಲಿ ಇದಾಳೆ." ನಾಳೆ ಒಂದೇ ಸಹಿ ಇಟ್ಕೊಂಡು ಎಸಿಪಿ ಆಫೀಸಿಗೆ ಹೋಗ್ತಿದೀನಿ. ಎಷ್ಟು ಹೊತ್ತಿಗೆ ಏಳ್ಬೇಕು ಅಂತ ಅಲಾರಂ ಇಡೋ ತಾಪತ್ರಯ ಇಲ್ಲ.