ಕಣ್ಣು ಮುಚ್ಚಿಕೊಂಡು ಉಪದೇಶ ಮಾಡುವವರಿಗೆ

ಬೆಳಿಗ್ಗೆ ಬೆಳಿಗ್ಗೆಯೇ ಸಿಟ್ಟು ನೆತ್ತಿಗೇರಿದೆ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಪುರುಸೊತ್ತು ಇಲ್ಲದವರು ಮುಂದಿನ ಪೋಸ್ಟಿಗೆ ಹೋಗಬಹುದು, ಬೇಜಾರಿಲ್ಲ.

ಪ್ರಾರ್ಥನಾ ಗುಂಪುಗಳಲ್ಲಿ ಒಂದು ವಿಡಿಯೊ ಹರಿದಾಡುತ್ತಿದೆ. ಕೀಮೋ ಮುಗಿಸಿ ಸುಸ್ತಾಗಿ ಮಲಗಿರುವ ಒಬ್ಬ ಹೆಂಗಸು. ಮಂಚದ ಸುತ್ತ ಆರೇಳು ಜನ. ಅವರಲ್ಲೊಬ್ಬರದು ಏರುದನಿ: “ಕರ್ತನೇ, ಈ ಸಹೋದರಿಯ ಹೃದಯದಲ್ಲಿ ಅಡಗಿರುವ ಕಹಿಯನ್ನು ಅವಳಿಗೆ ತೋರಿಸಿಕೊಡು. ಅವಳ ಅಪನಂಬಿಕೆಯನ್ನು ಬೇರುಸಹಿತ ಕಿತ್ತುಹಾಕು. ಯಾರನ್ನು ಅವಳು ಕ್ಷಮಿಸಿಲ್ಲವೋ ಅವರನ್ನು ಈ ಕ್ಷಣವೇ ಕ್ಷಮಿಸಲಿ.” ಆಕೆ ಕಣ್ಣು ತೆರೆಯದೆ “ಆಮೆನ್” ಅನ್ನುತ್ತಾರೆ. ಇನ್ನೇನು ಅನ್ನಬೇಕಿತ್ತು? ಎದ್ದು ಆಚೆ ಹೋಗುವಷ್ಟು ತ್ರಾಣವಿದ್ದಿದ್ದರೆ ಹೋಗುತ್ತಿದ್ದರೋ ಏನೋ.

ಇದನ್ನು ಮಧ್ಯಸ್ಥಿಕೆಯ ಪ್ರಾರ್ಥನೆ, ಅಂದರೆ ಇನ್ನೊಬ್ಬರ ಪರವಾಗಿ ದೇವರಲ್ಲಿ ಬೇಡುವುದು, ಅಂತ ಕರೆಯಬೇಡಿ. ದೇವರ ಹೆಸರು ಬರೆದು ರೋಗಿಯ ವಿಳಾಸಕ್ಕೆ ಹಾಕಿದ ಕಾಗದ ಇದು. “ಕರ್ತನೇ” ಎಂಬ ಒಂದು ಪದ ತೆಗೆದು ಅದೇ ಮಾತುಗಳನ್ನು ಕೇಳಿ ನೋಡಿ: ನಿನ್ನ ಮನಸ್ಸಿನಲ್ಲಿ ಕಹಿ ಇದೆ, ನಿನಗೆ ನಂಬಿಕೆ ಸಾಲದು, ಅದಕ್ಕೇ ನಿನಗೆ ಕ್ಯಾನ್ಸರ್. ಮುಖಕ್ಕೆ ಮುಖ ಕೊಟ್ಟು ಹೇಳಿದ್ದರೆ ಮನೆಯವರು ಬಾಗಿಲು ತೋರಿಸುತ್ತಿದ್ದರು. ಕಣ್ಣು ಮುಚ್ಚಿಕೊಂಡು ಹೇಳಿದ್ದಕ್ಕೆ ಕಾಫಿ ಕೊಟ್ಟು ಕಳುಹಿಸುತ್ತಾರೆ.

ಸತ್ಯವೇದದಲ್ಲಿ (ಬೈಬಲಿನಲ್ಲಿ) ಈ ಕೆಲಸಕ್ಕೆ ಹೆಸರಾದ ಮೂವರಿದ್ದಾರೆ: ಎಲೀಫಜ, ಬಿಲ್ದದ, ಚೋಫರ. ಅವರ ಬಗ್ಗೆಯೂ ಒಂದು ಒಳ್ಳೆಯ ಮಾತು ಹೇಳಲೇಬೇಕು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ತಮ್ಮ ಸ್ನೇಹಿತ ಯೋಬನ ಸ್ಥಿತಿ ನೋಡಿ ಅವರು ಬಟ್ಟೆ ಹರಿದುಕೊಂಡು, ತಲೆಯ ಮೇಲೆ ಮಣ್ಣು ಸುರಿದುಕೊಂಡು, ಏಳು ಹಗಲು ಏಳು ರಾತ್ರಿ ಅವನ ಸಂಗಡ ನೆಲದ ಮೇಲೆ ಕೂತರು. ಒಬ್ಬರೂ ತುಟಿ ಬಿಚ್ಚಲಿಲ್ಲ. ನಮ್ಮವರಿಗೆ ಏಳು ನಿಮಿಷ ಆಗುವುದಿಲ್ಲ. ಎಡವಟ್ಟಾದದ್ದು ಅವರು ಮಾತಿಗೆ ಶುರುಮಾಡಿದ ಮೇಲೆ. ನಿರಪರಾಧಿ ಎಂದಾದರೂ ನಾಶವಾದದ್ದುಂಟೇ, ನಿನ್ನ ಮಕ್ಕಳು ಪಾಪ ಮಾಡಿರಬೇಕು, ನಿನ್ನ ಅಪರಾಧಕ್ಕೆ ಇದೂ ಕಮ್ಮಿಯೇ ಎಂದು ಮೂವರೂ ಅಧ್ಯಾಯಗಟ್ಟಲೆ ಕೊರೆದರು. ಒಂದು ಗಮನಿಸಿದ್ದೀರಾ? ಅಷ್ಟೂ ಭಾಷಣದಲ್ಲಿ ಆ ಮೂವರು ಒಂದು ಸಲವೂ ದೇವರ ಕಡೆ ತಿರುಗಿ “ಇವನನ್ನು ಕಾಪಾಡು” ಅನ್ನುವುದಿಲ್ಲ. ದೇವರ ಬಗ್ಗೆ ಮಾತಾಡುತ್ತಾರೆ, ದೇವರ ಪರವಾಗಿ ವಾದಿಸುತ್ತಾರೆ, ದೇವರ ಜೊತೆ ಮಾತಾಡುವುದಿಲ್ಲ. ದೇವರ ಕಡೆ ತಿರುಗಿ ಕೂಗಾಡುವವನು, ಜಗಳ ತೆಗೆಯುವವನು ಯೋಬ ಒಬ್ಬನೇ. ಯೋಬನ ಪುಸ್ತಕದ 42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಯಾರ ಮೇಲೆ? ಕೂಗಾಡಿದವನ ಮೇಲಲ್ಲ, ಸಮರ್ಥನೆಗೆ ನಿಂತ ಈ ಮೂವರ ಮೇಲೆ.

ಯೇಸುವಿನ ಶಿಷ್ಯರೂ ಇದೇ ಪ್ರಶ್ನೆ ಎತ್ತಿದರು. ಹುಟ್ಟುಕುರುಡನನ್ನು ನೋಡಿ, ಪಾಪ ಮಾಡಿದವನು ಇವನೋ ಇವನ ತಂದೆತಾಯಿಯೋ ಅಂದರು. ಎರಡೂ ಅಲ್ಲ ಅಂದುಬಿಟ್ಟ ಯೇಸು. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಯೆರೂಸಲೇಮಿನಲ್ಲಿ ಎಲ್ಲರಿಗಿಂತ ದೊಡ್ಡ ಪಾಪಿಗಳಾಗಿದ್ದರೇ ಎಂಬ ಪ್ರಶ್ನೆಗೂ ಇಲ್ಲ ಎಂದೇ ಉತ್ತರ, ಜೊತೆಗೆ ಕೇಳುತ್ತಿದ್ದವರಿಗೇ ಮಾನಸಾಂತರದ (ಪಾಪ ಬಿಟ್ಟು ದೇವರ ಕಡೆ ತಿರುಗುವ) ಎಚ್ಚರಿಕೆ. ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ಮೇಲೂ ಕಾರಣ ಹುಡುಕುವ ಚಪಲ ನಮಗೆ ಹೋಗಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆಂದು ಗೊತ್ತು. ಯಾಕೋಬನ ಪತ್ರಿಕೆ 5ನೇ ಅಧ್ಯಾಯದಲ್ಲಿ ರೋಗದ ಜೊತೆಗೆ ಪಾಪದ ಮಾತೂ ಇದೆಯಲ್ಲ? ಇದೆ. 15ನೇ ವಚನ ಪೂರ್ತಿ ಓದಿ: ಅವನು ಪಾಪ ಮಾಡಿದವನಾಗಿದ್ದರೆ ಕ್ಷಮಾಪಣೆ ಆಗುತ್ತದೆ ಎಂದಿದೆ. ಮಾಡಿಯೇ ಇರುತ್ತಾನೆ ಎಂದಿಲ್ಲ. 16ರಲ್ಲಿ ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿಕೊಳ್ಳಿ ಎಂದಿದೆ. ಹಾಗಾದರೆ ಮಂಚದ ಪಕ್ಕ ನಿಂತವರು ಮೊದಲು ತಮ್ಮದನ್ನು ಹೇಳಿಕೊಳ್ಳಲಿ, ವಿಡಿಯೊ ಹೇಗೂ ಓಡುತ್ತಿದೆ. ಇನ್ನು 14ನೇ ವಚನ. ಸಭೆಯ ಹಿರಿಯರನ್ನು ಕರೆಸಬೇಕಾದವನು ರೋಗಿ. ಕರೆಯದೆ ನುಗ್ಗುವುದಕ್ಕೆ ಅಲ್ಲಿ ಪರವಾನಗಿ ಇಲ್ಲ. ಅಲ್ಲಿ ಹೇಳಿರುವ ಕೆಲಸವೂ ಎರಡೇ: ಕರ್ತನ ಹೆಸರಿನಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸುವುದು. ವಿಚಾರಣೆ ನಡೆಸುವುದು ಆ ಪಟ್ಟಿಯಲ್ಲಿಲ್ಲ. ಕಥೋಲಿಕ ಸಭೆಯಲ್ಲಿ ಇದೇ ವಚನದ ಆಧಾರದ ಮೇಲೆ ಗುರುಗಳು ರೋಗಿಯ ಹಣೆಗೂ ಅಂಗೈಗಳಿಗೂ ಪವಿತ್ರ ತೈಲ ಹಚ್ಚುತ್ತಾರೆ. ಅದು ಸಾಯುವವರಿಗೆ ಮಾತ್ರ ಎಂಬ ಹಳೆಯ ಭಯವನ್ನು ಕಥೋಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆಯೂ 1972ರ ಹೊಸ ವಿಧಿಯೂ ತೆಗೆದುಹಾಕಿವೆ. ಆದರೂ ಗುರುಗಳು ತೈಲ ಹಿಡಿದು ಬಂದರೆ “ಆಯಿತು, ಮುಗಿಯಿತು” ಎಂದು ಅಳುವ ಮನೆಗಳಿವೆ. ಅದು ಬೇರೆ ಗೋಳು, ಇನ್ನೊಂದು ದಿನ ಬರೆಯುತ್ತೇನೆ.

ಮಾರ್ಕ 2ನೇ ಅಧ್ಯಾಯದ ನಾಲ್ವರನ್ನು ನೋಡಿ. ಪಾರ್ಶ್ವವಾಯು ಹಿಡಿದವನನ್ನು ಹೊತ್ತು ತಂದರು, ಜನ ದಾರಿ ಬಿಡಲಿಲ್ಲ, ಮಾಳಿಗೆ ಹತ್ತಿ ಚಾವಣಿ ಬಿಚ್ಚಿ ಹಾಸಿಗೆ ಸಮೇತ ಇಳಿಸಿದರು. ಯೇಸು “ಅವರ ನಂಬಿಕೆಯನ್ನು” ನೋಡಿದ ಎಂದಿದೆ. ಹೊತ್ತವರ ನಂಬಿಕೆಯೂ ಲೆಕ್ಕಕ್ಕೆ ಬಂತು. ಆ ನಾಲ್ವರ ಬಾಯಲ್ಲಿ ಒಂದೇ ಒಂದು ಮಾತು ದಾಖಲಾಗಿಲ್ಲ. ಯೇಸು ಅವನಿಗೆ ಮೊದಲು ಪಾಪಕ್ಷಮೆಯನ್ನೇ ಹೇಳಿದನಲ್ಲ ಅಂತೀರಿ. ಹೌದು, ಕ್ಷಮಿಸಿದ. ಯಾವ ಪಾಪ, ಎಂದು ಮಾಡಿದ್ದು ಎಂದು ಪಟ್ಟಿ ಕೇಳಲಿಲ್ಲ. ಮೇಲಾಗಿ ಕ್ಷಮಿಸುವ ಅಧಿಕಾರ ಆತನಿಗಿತ್ತು. ನಿಮಗಿರುವುದು ಹಾಸಿಗೆಯ ಒಂದು ಮೂಲೆ ಹಿಡಿಯುವ ಕೆಲಸ.

ಸರಿ, ಹಾಗಾದರೆ ಏನು ಕೇಳಿಕೊಳ್ಳಬೇಕು? ಲೂಕ 22ರಲ್ಲಿ ಯೇಸು ತನ್ನ ಶಿಷ್ಯ ಪೇತ್ರನಿಗಾಗಿ ಮಾಡಿದ ಪ್ರಾರ್ಥನೆ ನೋಡಿ. ಸೈತಾನನು ನಿಮ್ಮನ್ನು ಗೋಧಿಯಂತೆ ಒನೆಯಲು ಅಪ್ಪಣೆ ಕೇಳಿದ್ದಾನೆ ಎಂದು ಹೇಳಿ, ನಿನ್ನ ನಂಬಿಕೆ ಕುಂದಬಾರದೆಂದು ಬೇಡಿಕೊಂಡಿದ್ದೇನೆ ಅಂದ. ಒನೆಯುವುದೇ ನಿಲ್ಲಲಿ ಎಂದು ಬೇಡಿದ್ದಾಗಿ ಹೇಳಲಿಲ್ಲ. ಪೇತ್ರ ಅದೇ ರಾತ್ರಿ ಯೇಸು ಯಾರೆಂದೇ ಗೊತ್ತಿಲ್ಲ ಎಂದು ಮೂರು ಸಲ ಬೊಂಕಿದ. ಹಾಗೆಂದು ಆ ಪ್ರಾರ್ಥನೆ ಸೋತಿತೇ? ಅತ್ತ ಸೆರೆಯಾಗುವ ಮುನ್ನ ಗೆತ್ಸೇಮನೆ ತೋಟದಲ್ಲಿ ಅದೇ ಯೇಸು ತನಗಾಗಿ, ಈ ಪಾತ್ರೆ ತೊಲಗಲಿ ಎಂದು ನೇರವಾಗಿಯೇ ಕೇಳಿದ, ಮತ್ತೆ ಮತ್ತೆ ಕೇಳಿದ. ಗುಣವಾಗಲಿ ಎಂದು ಕೇಳುವುದಕ್ಕೆ ನಾಚಿಕೆ ಬೇಕಿಲ್ಲ, ನಾನೂ ಕೇಳುತ್ತೇನೆ, ಗಟ್ಟಿಯಾಗಿಯೇ ಕೇಳುತ್ತೇನೆ. ಅಪೊಸ್ತಲ ಪೌಲನೂ ತನ್ನ ಶರೀರದಲ್ಲಿ ನಾಟಿದ ಶೂಲಕ್ಕಾಗಿ ಮೂರು ಸಾರಿ ಬೇಡಿದ. ಸಿಕ್ಕ ಉತ್ತರ “ನನ್ನ ಕೃಪೆಯೇ ನಿನಗೆ ಸಾಕು”. ಶೂಲ ಹೋಗಲಿಲ್ಲ. ಅವನು ಅನೇಕರನ್ನು ಗುಣಪಡಿಸಿದವನು, ಆದರೂ ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತ ಊರಿನಲ್ಲಿ ಅಸ್ವಸ್ಥನಾಗಿಯೇ ಬಿಟ್ಟು ಬಂದೆ ಎಂದು ಬರೆಯುತ್ತಾನೆ. ಇನ್ನೊಬ್ಬ ಜೊತೆಗಾರ ತಿಮೊಥೆಯನಿಗೆ, ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಅನ್ನುತ್ತಾನೆ. ನಿನ್ನ ವಿಶ್ವಾಸದಲ್ಲಿ ಏನು ಕೊರತೆ ಎಂದು ಇಬ್ಬರಿಗೂ ಕೇಳಿಲ್ಲ. ವೇದಿಕೆಗಳ ಮೇಲೆ ತ್ರೊಫಿಮನ ಕುರಿತು ಪ್ರಸಂಗ ಕೇಳಿದವರು ಯಾರಾದರೂ ಇದ್ದರೆ ಕೈ ಎತ್ತಿ.

ಮಂಚದ ಪಕ್ಕದ ಪ್ರಾರ್ಥನೆಗೆ ಬೇಕಾದದ್ದು ಬಹಳ ಕಮ್ಮಿ. ಮೊದಲು, ಪ್ರಾರ್ಥಿಸಲಾ ಎಂದು ಕೇಳಿ. ಬೇಡ ಅಂದರೆ ಬೇಡ, ಮನೆಗೆ ಹೋಗಿ ಪ್ರಾರ್ಥಿಸಿ. ಹೂಂ ಅಂದರೆ, ಏನಂತ ಕೇಳಿಕೊಳ್ಳಲಿ ಎಂಬ ಎರಡನೇ ಪ್ರಶ್ನೆ. ಇದನ್ನು ಕೇಳುವವರೇ ಇಲ್ಲ. ಯೇಸುವೇ ಬಾರ್ತಿಮಾಯನಿಗೆ “ನಾನು ನಿನಗೆ ಏನು ಮಾಡಬೇಕೆನ್ನುತ್ತೀ” ಎಂದು ಕೇಳಿದ, ಎದುರಿಗಿರುವವನು ಕುರುಡನೆಂದು ಕಾಣುತ್ತಿರುವಾಗಲೂ. ನೀವು ಪೂರ್ಣ ಗುಣದ ಅದ್ಭುತಕ್ಕೆ ಸಿದ್ಧರಾಗಿ ಬಂದಿರುತ್ತೀರಿ, ಅವರು ಕೇಳುವುದು ಇವತ್ತು ರಾತ್ರಿ ನಿದ್ದೆ, ಬಾಯಿಹುಣ್ಣು ಮಾಯುವುದು, ನಾಳೆಯ ಸ್ಕ್ಯಾನಿನ ಭಯ ಇಳಿಯುವುದು, ಜೊತೆಗೆ ಕೂತು ಸೊರಗಿದ ಗಂಡನಿಗೆ ಒಂದಿಷ್ಟು ಬಲ. ಅದನ್ನೇ ಅವರ ಹೆಸರು ಹಿಡಿದು ಕೇಳಿ. ಎರಡು ಮೂರು ನಿಮಿಷ ಧಾರಾಳ. ಅವರ ಕಣ್ಣಿಗೆ ಸಮವಾಗಿ ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ. ಸುತ್ತ ನಿಂತು ಬಗ್ಗಿದರೆ ಮಲಗಿದವರಿಗೆ ಉಸಿರು ಕಟ್ಟುತ್ತದೆ. ಮೈಮುಟ್ಟುವ ಮೊದಲು ಕೇಳಿ. ಡ್ರಿಪ್ ಹಾಕಿದ ಕೈ, ಹೊಲಿಗೆ ಹಾಕಿದ ಹೊಟ್ಟೆ, ರೇಡಿಯೇಶನ್ನಿಂದ ಬೆಂದ ಚರ್ಮ ನಿಮ್ಮ ಹಸ್ತಾರ್ಪಣೆಗೆ ತಕ್ಕ ಜಾಗಗಳಲ್ಲ. ಕೀಮೋ ತೆಗೆದುಕೊಳ್ಳುತ್ತಿರುವವರ ರೋಗನಿರೋಧಕ ಶಕ್ತಿ ಕುಸಿದಿರುತ್ತದೆ, ನೆಗಡಿ ಇಟ್ಟುಕೊಂಡು ಹೋಗುವುದಕ್ಕಿಂತ ಹೋಗದಿರುವುದೇ ದೊಡ್ಡ ಉಪಕಾರ. ಮಾತ್ರೆ ನಿಲ್ಲಿಸು ಎಂದು ಹೇಳುವವನನ್ನು ಆ ಕೋಣೆಯಿಂದ ಹೊರಗೆ ಕಳಿಸಿ, ಅವನು ಯಾರೇ ಆಗಿರಲಿ. ಮಾತು ಸಿಗದಿದ್ದರೆ ಸತ್ಯವೇದದ ಒಂದು ಕೀರ್ತನೆ ಓದಿ. ಎಲ್ಲರಿಗೂ 23ನೇ ಕೀರ್ತನೆ ಬಾಯಿಪಾಠ, ಆದರೆ ಅದರ ಹಸಿರು ಹುಲ್ಲುಗಾವಲು ಹಿಡಿಸದ ದಿನಗಳಿರುತ್ತವೆ. ನನಗಂತೂ 88ನೆಯದು ಹತ್ತಿರ. ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸಾಲಿನ ಸಮಾಧಾನವನ್ನೂ ಅಂಟಿಸುವುದಿಲ್ಲ, ಆದರೂ ಪ್ರಾರ್ಥನೆಯ ಪುಸ್ತಕದಲ್ಲೇ ಇದೆ.

ರೋಮಾಪುರದವರಿಗೆ ಬರೆದ ಪತ್ರಿಕೆಯ 8:28ನ್ನು ಮಾತ್ರ ದಯವಿಟ್ಟು ಅಲ್ಲಿ ಎಸೆಯಬೇಡಿ. ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಎಂದು ಹೇಳಿ ಎದ್ದು ಹೋಗುವವರಿಗೆ, ಎರಡೇ ವಚನ ಹಿಂದೆ, ಏನು ಬೇಡಿಕೊಳ್ಳಬೇಕೋ ನಮಗೇ ಗೊತ್ತಿಲ್ಲ, ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ ಎಂದಿರುವುದು ಕಾಣುವುದಿಲ್ಲ. ದೇವರ ಆತ್ಮವೇ ನರಳುವಾಗ ನಮ್ಮದೇನು ವಾಕ್ಚಾತುರ್ಯ?

ಕಥೋಲಿಕ ಸ್ನೇಹಿತರೂ ನಗುವಂತಿಲ್ಲ, ನಿಮ್ಮಲ್ಲೂ ಒಂದು ಬೆತ್ತ ಇದೆ: “ನೋವನ್ನು ಯೇಸುವಿಗೆ ಅರ್ಪಿಸಿಬಿಡು.” ಬೋಧನೆ ಆಳವಾದದ್ದು, ಒಪ್ಪಿದೆ. ಕೊಲೊಸ್ಸೆ 1:24ರಲ್ಲಿ ಪೌಲ ಕ್ರಿಸ್ತನ ಸಂಕಟಗಳಲ್ಲಿ ಉಳಿದದ್ದನ್ನು ಸಭೆಗೋಸ್ಕರ ನನ್ನ ದೇಹದಲ್ಲಿ ತೀರಿಸುತ್ತೇನೆ ಅನ್ನುತ್ತಾನೆ. ಶಿಲುಬೆಯಲ್ಲಿ ಏನೋ ಕಮ್ಮಿಬಿತ್ತು ಎಂದು ಇದರರ್ಥವಲ್ಲ, ನಮ್ಮ ನೋವಿಗೂ ಆ ನೋವಿನಲ್ಲಿ ಪಾಲು ಸಿಕ್ಕಿದೆ ಎಂದು. ಪೋಪ್ ಎರಡನೇ ಜಾನ್ ಪೌಲ್ 1984ರ ಫೆಬ್ರವರಿ 11ರಂದು ನೋವಿನ ಅರ್ಥದ ಕುರಿತು ಹೊರಡಿಸಿದ ‘ಸಾಲ್ವಿಫಿಚಿ ದೊಲೋರಿಸ್’ ಪತ್ರ ಈ ವಚನದಿಂದಲೇ ಶುರುವಾಗುತ್ತದೆ. ಆದರೆ ಪೌಲ ಮಾತಾಡಿದ್ದು ತನ್ನ ನೋವಿನ ಬಗ್ಗೆ. ಅರ್ಪಿಸುತ್ತೇನೆ ಎಂದು ನರಳುವವರು ಹೇಳಬಹುದು. ಬಿಪಿ ಶುಗರ್ ಎಲ್ಲ ನಾರ್ಮಲ್ ಇರುವವರು ಇನ್ನೊಬ್ಬರಿಗೆ ಅಪ್ಪಣೆ ಕೊಡುವುದಕ್ಕೆ ಆಗದು. ಅದೇ ಪತ್ರದಲ್ಲಿ ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ಯೇಸುವಿನ ಕಥೆಯ ಒಳ್ಳೆಯ ಸಮಾರ್ಯದವನಿಗೆಂದೇ ಒಂದು ಅಧ್ಯಾಯ ಇದೆ. ಪಕ್ಕದವನ ನೋವು ನೋಡಿದ ಕ್ರೈಸ್ತ ನಿಲ್ಲಬೇಕು, ನಿಂತು ಕೈಲಾದದ್ದು ಮಾಡಬೇಕು ಎಂಬುದು ಅಲ್ಲಿನ ಮಾತು. ಅಷ್ಟು ದೂರ ಓದಿದವರು ಕಮ್ಮಿ ಅನ್ನಿ.

ಇನ್ನು ವಿಚಾರವಾದಿ ಮಿತ್ರರು ಪ್ರಾರ್ಥನೆಯಿಂದ ರೋಗಿಗಳಿಗೆ ಉಪಯೋಗವಾಗುತ್ತದೆಯೇ ಎಂದು ಪರೀಕ್ಷಿಸಿದ 2006ರ ಅಮೆರಿಕದ ಅಧ್ಯಯನ ಹಿಡಿದುಕೊಂಡು ಬರುತ್ತಾರೆ. ನಾನೇ ಹೇಳಿಬಿಡುತ್ತೇನೆ. ವೈದ್ಯ ಹರ್ಬರ್ಟ್ ಬೆನ್ಸನ್ ತಂಡ ಆರು ಆಸ್ಪತ್ರೆಗಳಲ್ಲಿ ಬೈಪಾಸ್ ಆದ 1,802 ರೋಗಿಗಳನ್ನು ಮೂರು ಗುಂಪು ಮಾಡಿತು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ತಿಳಿಯದವರಲ್ಲಿ, ಪ್ರಾರ್ಥಿಸಿದ ಗುಂಪಿನ ಶೇ. 52 ಮಂದಿಗೂ ಪ್ರಾರ್ಥಿಸದ ಗುಂಪಿನ ಶೇ. 51 ಮಂದಿಗೂ ತೊಡಕುಗಳಾದವು. ಪ್ರಾರ್ಥನೆ ಖಂಡಿತ ಇದೆ ಎಂದು ತಿಳಿಸಿದವರಲ್ಲಿ ಶೇ. 59. ಪ್ರಾರ್ಥಿಸಿದವರಿಗೆ ಕೊಟ್ಟದ್ದು ಮೊದಲ ಹೆಸರು, ಕೊನೆಯ ಹೆಸರಿನ ಒಂದಕ್ಷರ, ಸೇರಿಸಿಕೊಳ್ಳಲು ಒಂದು ಸಿದ್ಧವಾಕ್ಯ. 14 ದಿನ ನಡೆಯಿತು. ದೇವರನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆಯಹೊರಟವರಿಗೆ ಸಿಗಬೇಕಾದದ್ದೇ ಸಿಕ್ಕಿತು. ನಾವು ಪ್ರಾರ್ಥಿಸುವುದು ದೇವರ ಮನಸ್ಸು ಬದಲಾಯಿಸಲಿಕ್ಕಲ್ಲ, ಪ್ರಾರ್ಥನೆಯ ಮೂಲಕ ಕೊಡಬೇಕೆಂದು ಆತ ಇಟ್ಟಿರುವುದನ್ನು ಪಡೆಯಲಿಕ್ಕೆ ಎಂದು ದೇವತಾಶಾಸ್ತ್ರಜ್ಞ ತೋಮಸ್ ಅಕ್ವಿನಾಸ್ 13ನೇ ಶತಮಾನದಲ್ಲೇ ಬರೆದಿದ್ದಾನೆ. ಆ 59ಕ್ಕೆ ಕಾರಣ ಖಚಿತವಾಗಿಲ್ಲ, ಆಕಸ್ಮಿಕವೂ ಇರಬಹುದು. ಆದರೂ “ನಿಮಗಾಗಿ ಎಲ್ಲರೂ ಪ್ರಾರ್ಥಿಸುತ್ತಿದ್ದೇವೆ, ಗುಣವಾಗಲೇಬೇಕು” ಎಂದು ಹೇಳಿಸಿಕೊಂಡವರ ಎದೆಯ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದು ನನ್ನ ತಲೆಯಿಂದ ಹೋಗುತ್ತಿಲ್ಲ. ಗುಣವಾಗದಿದ್ದರೆ ಇಷ್ಟು ಜನರ ಉಪವಾಸ ವ್ಯರ್ಥ ಮಾಡಿದ ಅಪರಾಧ ಬೇರೆ!

ಗುಂಪಿಗೆ ಪ್ರಾರ್ಥನಾ ವಿಜ್ಞಾಪನೆ ಹಾಕುವವರೇ, ಹೆಸರು ಸಾಕು. ರಿಪೋರ್ಟಿನ ಫೋಟೊ, ಸ್ಟೇಜ್ ಎಷ್ಟು, ಸೊಸೆ ನೋಡಿಕೊಳ್ಳುತ್ತಿಲ್ಲವಂತೆ, ಇವೆಲ್ಲ ದೇವರಿಗೆ ಬೇಕಾದ ಮಾಹಿತಿಯಲ್ಲ. ಹೆಸರು ಹಾಕಲಿಕ್ಕೂ ಅವರನ್ನು ಕೇಳಿ. ಕೈಮುಗಿದ ಚಿತ್ರ ಒತ್ತಿದವರು ನಿಜಕ್ಕೂ ಪ್ರಾರ್ಥಿಸಬೇಕೆಂದಿದ್ದರೆ ಹೆಸರನ್ನು ತಾರೀಖಿನ ಸಮೇತ ಪುಸ್ತಕದಲ್ಲಿ ಬರೆದುಕೊಳ್ಳಿ. ಆಪರೇಶನ್ ದಿನ ಇನ್ನೂರು ಆಮೆನ್ ಬೀಳುತ್ತವೆ, ಆರನೇ ವಾರಕ್ಕೆ ಒಬ್ಬರೂ ಇರುವುದಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಖಿನ್ನತೆಯವರು, ಬುದ್ಧಿಮಾಂದ್ಯ ಮಗುವಿನ ತಾಯಿ, ಇವರ ಹೆಸರುಗಳು ಪಟ್ಟಿಯಿಂದ ಉದುರುವುದು ಮೊದಲು. “ಸಾಕ್ಷಿ” ಹೇಳುವಂಥ ಕ್ಲೈಮ್ಯಾಕ್ಸ್ ಅವರಲ್ಲಿ ಬರುವುದಿಲ್ಲವಲ್ಲ.

ರೋಗಿಗೂ ಒಂದಷ್ಟು ಹೆಸರು ಕೊಟ್ಟು ಬನ್ನಿ. ನನ್ನ ಮಗನಿಗೆ ಪರೀಕ್ಷೆ, ಪಕ್ಕದ ವಾರ್ಡಿನ ಮಗುವಿಗೆ ಜ್ವರ, ನೀವು ಪ್ರಾರ್ಥಿಸಿ ಎಂದು ಹೇಳಿ, ಶಕ್ತಿ ಇದ್ದಾಗ ಸಾಕು ಎಂದೂ ಸೇರಿಸಿ. ಯೋಬನ ಪುಸ್ತಕ ಮುಗಿಯುವುದು ಹೀಗೆಯೇ. ಏಳು ಹೋರಿ, ಏಳು ಟಗರು ತೆಗೆದುಕೊಂಡು ಯೋಬನ ಹತ್ತಿರ ಹೋಗಿ, ಅವನು ನಿಮಗೋಸ್ಕರ ಬೇಡಲಿ, ಅವನ ಪ್ರಾರ್ಥನೆ ಕೇಳುತ್ತೇನೆ ಎಂದು ದೇವರು ಆ ಮೂವರಿಗೆ ಹೇಳುತ್ತಾನೆ. ಬೂದಿಯಲ್ಲಿ ಕೂತವನೇ ಮಧ್ಯಸ್ಥ, ಉಪದೇಶ ಮಾಡಿದವರೇ ಪ್ರಾರ್ಥನೆ ಬೇಕಾದವರು. ಅವನ ದುಃಸ್ಥಿತಿ ನೀಗಿದ್ದು ಅವನು ಆ ಸ್ನೇಹಿತರಿಗಾಗಿ ಪ್ರಾರ್ಥಿಸಿದಾಗ.

“ಹಾಗಾದರೆ ವಿಶ್ವಾಸಕ್ಕೆ ಬೆಲೆಯೇ ಇಲ್ಲವೇ?” ಎಂದು ಕೇಳಲು ಹೊರಟವರು ಇಬ್ರಿಯರಿಗೆ ಬರೆದ ಪತ್ರಿಕೆಯ 11:35 ಓದಿಕೊಂಡು ಬರಲಿ. ಮೊದಲರ್ಧದಲ್ಲಿ ಸತ್ತವರು ಎದ್ದು ಬರುತ್ತಾರೆ, ಉಳಿದರ್ಧದಲ್ಲಿ ಬದುಕಿದ್ದವರು ಚಿತ್ರಹಿಂಸೆಯಲ್ಲಿ ಸಾಯುತ್ತಾರೆ. ಎರಡೂ ಕಡೆಯವರಿಗೆ ಅಲ್ಲಿ ಒಂದೇ ವಿಶ್ವಾಸದ ಸರ್ಟಿಫಿಕೇಟ್ ಕೊಟ್ಟಿದೆ. ಪೂರ್ತಿ ಓದಿದವರ ಜೊತೆ ಜಗಳಕ್ಕೆ ನಾನು ಸಿದ್ಧ.