ಪೋಲೋ ಒಬ್ಬನೇ ಇದ್ದ

ಹೋದ ಭಾನುವಾರ ಮಗಳನ್ನು ಕರಕೊಂಡು ಮೈಸೂರು ಝೂಗೆ ಹೋಗಿದ್ದೆ. ಗೊರಿಲ್ಲಾಗಳ ಮುಂದೇನೇ ಅರ್ಧ ಗಂಟೆಗಿಂತ ಜಾಸ್ತಿ ನಿಂತುಬಿಟ್ಟೆವು. ಥಾಬೊ, ಡೆಂಬಾ ಇಬ್ಬರೂ ಹೊರಗಿದ್ದರು. ದೊಡ್ಡವನು ಥಾಬೊ ಒಂದು ಸೊಪ್ಪಿನ ಕೊಂಬೆ ಹಿಡಿದು ಕೂತಿದ್ದ. ಬುಡವನ್ನು ಕಾಲಲ್ಲಿ ಒತ್ತಿಕೊಂಡು, ಕಡ್ಡಿಯನ್ನು ಬೆರಳ ಸಂದಿಯಲ್ಲಿ ಸರ್ರನೆ ಎಳೆದು, ಎಲೆಯನ್ನೆಲ್ಲ ಒಂದು ಹಿಡಿ ಮಾಡಿ ಬಾಯಿಗೆ ಹಾಕಿಕೊಂಡ. ನಮ್ಮಮ್ಮ ನುಗ್ಗೆಸೊಪ್ಪು ಬಿಡಿಸುವುದೂ ಹೀಗೇ. ಚಿಕ್ಕವನು ಹಿಂದಿನಿಂದ ಮೆಲ್ಲಗೆ ಬಂದು ಉಳಿದ ಕೊಂಬೆ ಕಿತ್ತುಕೊಂಡು ಓಡಿದ. ಥಾಬೊ ತಲೆ ಎತ್ತಿ ಒಂದು ಸಲ ನೋಡಿದ. ಆಮೇಲೆ ಬಾಯಲ್ಲಿದ್ದದ್ದನ್ನು ಅಗಿಯುತ್ತಾ ಕೂತ.

ಮಗಳು ಕೈ ತಟ್ಟಿ ನಕ್ಕಳು. ನನಗೆ ಮಾತ್ರ ಗಂಟಲು ಕಟ್ಟಿತು. ನನಗೆ ಪೋಲೋ ನೆನಪಾದ.

ಹಾಸನದ ಹತ್ತಿರದ ನಮ್ಮೂರ ಶಾಲೆಯಿಂದ ಐದನೇ ಕ್ಲಾಸಿನಲ್ಲಿ ಮೈಸೂರಿಗೆ ಪ್ರವಾಸ ಹೋಗಿದ್ದೆವು. ಅರಮನೆ, ಚಾಮುಂಡಿ ಬೆಟ್ಟ, ಝೂ, ಬೃಂದಾವನ, ಎಲ್ಲ ಒಂದೇ ದಿನಕ್ಕೆ. ಝೂನಲ್ಲಿ ಎಲ್ಲರೂ ಓಡಿದ್ದು ಪೋಲೋ ಹತ್ತಿರಕ್ಕೆ. 1995ರಲ್ಲಿ ಐರ್ಲೆಂಡಿನ ಡಬ್ಲಿನ್ ಝೂನಿಂದ ಬಂದ ಗೊರಿಲ್ಲಾ ಅವನು. ಅವನನ್ನು ಬಿಟ್ಟರೆ ದೇಶದಲ್ಲೇ ಇನ್ನೊಂದು ಗೊರಿಲ್ಲಾ ಇಲ್ಲ ಅಂತ ಮೇಷ್ಟ್ರು ಹೆಮ್ಮೆಯಿಂದ ಹೇಳಿದ್ದರು. ನಮಗೂ ಹೆಮ್ಮೆ ಅನಿಸಿತ್ತು. ಅವನು ನಮಗೆ ಬೆನ್ನು ಹಾಕಿ ಕೂತಿದ್ದ. ನಾವು ನಲವತ್ತು ಮಕ್ಕಳು "ಪೋಲೋ, ಪೋಲೋ" ಅಂತ ಕೂಗಿದ್ದೇ ಕೂಗಿದ್ದು. ಅವನು ತಿರುಗಲೇ ಇಲ್ಲ.

ದೇಶಕ್ಕೆಲ್ಲ ಒಬ್ಬನೇ ಗೊರಿಲ್ಲಾ ಅಂದರೆ, ಆ ಗೊರಿಲ್ಲಾಗೆ ತನ್ನವರು ಅಂತ ಇಡೀ ದೇಶದಲ್ಲಿ ಯಾರೂ ಇಲ್ಲ ಅಂತಲೂ ಆಯಿತು, ಅಲ್ವಾ? ಇದು ಆಗ ನಮ್ಮ ತಲೆಗೆ ಹೋಗಲೇ ಇಲ್ಲ. 2014ರಲ್ಲಿ ಅವನು ಸತ್ತ ಸುದ್ದಿ ಓದಿದಾಗ ಮೊದಲು ಲೆಕ್ಕ ಹಾಕಿದ್ದು ಇದನ್ನೇ. ಹತ್ತೊಂಬತ್ತು ವರ್ಷ. ಪಾಲಕರು ಅವನನ್ನು ಚೆನ್ನಾಗಿಯೇ ನೋಡಿಕೊಂಡರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೈ ಕೆರೆದು ಹೇನು ಹೆಕ್ಕುವುದಕ್ಕೆ, ಜಗಳ ಆಡುವುದಕ್ಕೆ, ಕೈಯಲ್ಲಿದ್ದ ಕೊಂಬೆ ಕಿತ್ತುಕೊಂಡು ಓಡುವುದಕ್ಕೆ ಇನ್ನೊಂದು ಗೊರಿಲ್ಲಾನೇ ಬೇಕು.

ಅದಕ್ಕೇ ಈಚಿನ ವರ್ಷಗಳಲ್ಲಿ ಮೈಸೂರು ಝೂನಲ್ಲಿ ಆಗಿರುವ ಬದಲಾವಣೆಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 2021ರದ್ದು. ಆ ವರ್ಷ ಆಗಸ್ಟ್‌ನಲ್ಲಿ ಜರ್ಮನಿಯಿಂದ ಗೊರಿಲ್ಲಾ ಬಂತು. ಈ ಸಲ ಒಂದಲ್ಲ, ಎರಡು. ಬಂದಾಗ ಥಾಬೊಗೆ 14 ವರ್ಷ, ಡೆಂಬಾಗೆ 8.

ಎರಡೂ ಗಂಡೇ ಯಾಕೆ, ಜೋಡಿ ತರಬಾರದಿತ್ತಾ ಅಂತ ಅವತ್ತು ಪಕ್ಕದಲ್ಲಿ ನಿಂತಿದ್ದವರೊಬ್ಬರು ಕೇಳಿದರು. ಅದಕ್ಕೆ ಕಾರಣ ಇದೆ. ಗೊರಿಲ್ಲಾ ಸಂಸಾರದಲ್ಲಿ ಸಾಮಾನ್ಯವಾಗಿ ಬೆನ್ನು ಬೆಳ್ಳಗಾದ ಯಜಮಾನ ಒಬ್ಬನೇ. ಉಳಿದವರೆಲ್ಲ ಹೆಣ್ಣು ಮತ್ತು ಮರಿಗಳು. ಹುಟ್ಟುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಬೆಳೆದ ಮೇಲೆ ಅವಕ್ಕೆ ಆ ಸಂಸಾರದಲ್ಲಿ ಜಾಗ ಇಲ್ಲ. ಕಾಡಾದರೆ ಹೊರಟು ಹೋಗುತ್ತವೆ. ಝೂನಲ್ಲಿ ಹುಟ್ಟಿದ ಗಂಡು ಎಲ್ಲಿಗೆ ಹೋಗಬೇಕು? ಹಾಗಾಗಿ ಯುರೋಪಿನ ಝೂಗಳು ಇಂಥ ಗಂಡುಗಳನ್ನೇ ಒಟ್ಟಿಗೆ ಸಾಕುವ ರೂಢಿ ಮಾಡಿಕೊಂಡಿವೆ. ಮರಿ ಹುಟ್ಟುವುದಿಲ್ಲ, ಬ್ಯಾನರ್ ಹಾಕಿಸುವಂಥ ಸುದ್ದಿಯೂ ಆಗುವುದಿಲ್ಲ. ಆದರೂ ಎರಡು ಜೀವಕ್ಕೆ ಒಬ್ಬರಿಗೊಬ್ಬರು ಇದ್ದಾರೆ. ನನಗೆ ಅಷ್ಟು ಸಾಕು.

ಅದೇ ವರ್ಷ ಅಕ್ಟೋಬರ್‌ನಲ್ಲಿ ನಾಲ್ಕು ಒರಾಂಗುಟಾನ್ ಬಂದವು, ಎರಡು ಸಿಂಗಾಪುರದಿಂದ, ಎರಡು ಮಲೇಷ್ಯಾದಿಂದ. ಅದಕ್ಕೂ ಒಂದು ವರ್ಷ ಮೊದಲು ದಕ್ಷಿಣ ಆಫ್ರಿಕಾದಿಂದ ಮೂರು ಚೀತಾ. ಇವುಗಳ ಸ್ವಭಾವ ಗೊರಿಲ್ಲಾ ಥರ ಅಲ್ಲ. ಒರಾಂಗುಟಾನ್ ಕಾಡಿನಲ್ಲಿ ದೊಡ್ಡ ಗುಂಪು ಕಟ್ಟುವ ಪ್ರಾಣಿಯಲ್ಲ. ಅದಕ್ಕೆ ಬೇಕಾದ್ದು ಎತ್ತರ. ಮರದ ಮೇಲೇ ಬದುಕಿ, ರಾತ್ರಿಗೆ ಮರದ ಮೇಲೇ ಎಲೆ ಹಾಸಿ ಮಲಗುವ ಜೀವ ಅದು. ಚೀತಾಗೆ ಬೇಕಾದ್ದು ಉದ್ದನೆಯ ಬಯಲು, ಗಲಾಟೆ ಇಲ್ಲದ ಜಾಗ. ಹೊಸ ಪ್ರಾಣಿ ಬಂತು ಅಂದ ಕೂಡಲೇ ನಾವು ಕೇಳುವುದು "ಎಲ್ಲಿಂದ ಬಂತು, ಎಷ್ಟು ಖರ್ಚಾಯ್ತು" ಅಂತ. ಇನ್ನು ಮೇಲಾದರೂ "ಜೊತೆಗೆ ಯಾರಿದ್ದಾರೆ, ಬೇಜಾರಾದರೆ ಎಲ್ಲಿ ಹೋಗಿ ಕೂರುತ್ತೆ" ಅಂತ ಕೇಳೋಣ.

ಯಾಕೆಂದರೆ ಅವಿತುಕೊಳ್ಳುವ ಜಾಗ ಇರುವುದೇ ಒಳ್ಳೆಯ ಆವರಣ. ಇದು ನಮ್ಮ ಜನಕ್ಕೆ ಯಾಕೋ ಇನ್ನೂ ಒಗ್ಗಿಲ್ಲ. ಹಿಂದೆ ಬೋನು ಇದ್ದಾಗ ಹುಲಿ ಎದುರಿಗೇ ಇರುತ್ತಿತ್ತು, ಆ ಕಡೆಯಿಂದ ಈ ಕಡೆಗೆ ಸುಮ್ನೆ ತಿರುಗುತ್ತಾ. ಈಗ ಗಿಡ, ಪೊದೆ, ಕಂದಕ, ನೆರಳು ಎಲ್ಲ ಇದೆ. ಹುಲಿ ಪೊದೆಯ ಹಿಂದೆ ಮಲಗಿದರೆ "ದುಡ್ಡು ದಂಡ" ಅಂತ ಗೊಣಗುತ್ತಾ ಮುಂದೆ ಹೋಗುತ್ತೇವೆ. ಬನ್ನೇರುಘಟ್ಟದಲ್ಲಿ 2024ರ ಜೂನ್‌ನಲ್ಲಿ ಚಿರತೆ ಸಫಾರಿ ಶುರುವಾಯಿತಲ್ಲ, 20 ಹೆಕ್ಟೇರ್ ಜಾಗ. ಮೇಲೆ ಹತ್ತಿ ಹಾರದ ಹಾಗೆ ಬೇಲಿಯ ತುದಿಗೆ ಒಳಮುಖವಾಗಿ ತಗಡು ಬಾಗಿಸಿದ್ದಾರೆ. ನಾವು ಹೋದ ದಿನ ಬಸ್ಸಿನಲ್ಲಿದ್ದವರಿಗೆ ಕಂಡದ್ದು ಬಂಡೆಯ ಮೇಲಿಂದ ಇಳಿಬಿದ್ದ ಒಂದು ಬಾಲ ಮಾತ್ರ. ಎಲ್ಲರೂ ಬೇಸರ ಮಾಡಿಕೊಂಡರು. ನನಗೆ ಖುಷಿಯಾಯಿತು. ಚಿರತೆ ಕಾಣಲಿಲ್ಲ ಅಂದರೆ ಅದು ಚಿರತೆಯ ಹಾಗೇ ಇದೆ ಅಂತ ಅರ್ಥ.

ಬನ್ನೇರುಘಟ್ಟದ ಮಾತು ಬಂತು ಅಂತ ಇನ್ನೊಂದು ವಿಷಯ. 2025ರ ಜುಲೈನಲ್ಲಿ ಅಲ್ಲಿಂದ ನಾಲ್ಕು ಆನೆಗಳನ್ನು ಜಪಾನಿಗೆ ಕಳಿಸಿದರು. ಬದಲಿಗೆ ಅಲ್ಲಿಂದ ಚೀತಾ, ಜಾಗ್ವಾರ್, ಪ್ಯೂಮಾ ಎಲ್ಲ ಬರುವುದು ಅಂತ ಒಪ್ಪಂದ. ನಾಲ್ಕನ್ನೂ ಒಟ್ಟಿಗೆ ಕಳಿಸಿದ್ದು ಸರಿ. ಆದರೂ "ವಿನಿಮಯ" ಅನ್ನುವ ಮಾತು ಆನೆಯ ವಿಷಯದಲ್ಲಿ ಕೇಳಿದಾಗ ನನಗೆ ಸಂಕಟ ಆಗುತ್ತದೆ. ಹುಟ್ಟಿದಾಗಿನಿಂದ ಮಾವುತನ ದನಿ ಕೇಳಿ ಬೆಳೆದ ಆನೆ ಅದು. ಹೊಸ ಪ್ರಾಣಿ ಕಾಣುವ ನಮ್ಮ ಆಸೆಗೆ ನಮ್ಮದೇ ಆನೆಗಳನ್ನು ಅಷ್ಟು ದೂರ ಕಳಿಸಬೇಕಿತ್ತಾ? ನಾನು ಬೇಡ ಅನ್ನುವವನು.

ಮತ್ತೆ ಭಾನುವಾರಕ್ಕೆ ಬರುತ್ತೇನೆ. ಒರಾಂಗುಟಾನ್ ಒಂದು ಗೋಣಿಚೀಲವನ್ನು ತಲೆ ಮೇಲೆ ಹೊದ್ದು ಕೂತಿತ್ತು, ಮಳೆಯಲ್ಲಿ ಗೊಪ್ಪೆ ಹಾಕಿಕೊಂಡ ನಮ್ಮೂರ ಅಜ್ಜನ ಹಾಗೆ. ಒಬ್ಬ ಹುಡುಗ ಶಿಳ್ಳೆ ಹೊಡೆದ. ಅವನ ಅಪ್ಪ ಅವನನ್ನು ಸುಮ್ಮನಾಗಿಸುವುದು ಬಿಟ್ಟು "ಏಯ್, ಈ ಕಡೆ ನೋಡೋ" ಅಂತ ತಾನೂ ಚಪ್ಪಾಳೆ ತಟ್ಟಿದರು. ಸದ್ದು ಮಾಡಬೇಡಿ ಅಂತ ಬೋರ್ಡ್ ಅಲ್ಲೇ ಇತ್ತು. ಪ್ರಾಣಿ ಗೋಣಿಯನ್ನು ಇನ್ನೂ ಕೆಳಗೆ, ಕಣ್ಣಿನ ತನಕ ಎಳೆದುಕೊಂಡಿತು. ಎಷ್ಟು ಕೋಟಿ ಖರ್ಚು ಮಾಡಿ ಎಂಥ ಮನೆ ಕಟ್ಟಿದರೂ, ಎದುರಿಗೆ ನಿಂತ ನಾವು ಹೀಗಿದ್ದರೆ ಅದು ಹೇಗೆ ತಾನೇ ನೆಮ್ಮದಿಯಾಗಿರುತ್ತೆ ಹೇಳಿ? ಗೊರಿಲ್ಲಾಗಂತೂ ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸುವುದೇ ಬೆದರಿಕೆ. ಪೋಲೋ ಅವತ್ತು ನಮಗೆ ಬೆನ್ನು ಹಾಕಿದ್ದು ಯಾಕೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ.

ಹೊರಡುವ ಮುಂಚೆ ಅಲ್ಲೇ ಇದ್ದ ಪಾಲಕರೊಬ್ಬರನ್ನು ಮಾತಾಡಿಸಿದೆ. "ನೀವು ಇವನ್ನ ಮಂಗಳವಾರ ನೋಡ್ಬೇಕು ಸಾರ್, ಬೇರೆ ಥರಾನೇ ಇರ್ತವೆ" ಅಂದರು. ಮಂಗಳವಾರ ಝೂಗೆ ರಜೆ. ಬೆಳಗ್ಗೆ ಹೊರಗೆ ಬಿಟ್ಟ ಕೂಡಲೇ ಮುಂದಿನ ತನಕ ಬಂದು, ನಾವು ನಿಲ್ಲುವ ಜಾಗವನ್ನೇ ನೋಡುತ್ತಾ ಕೂರುತ್ತವಂತೆ.

ಆದರೆ ದಸರಾ ಬಂದರೆ, ಬೇಸಿಗೆ ರಜೆ ಬಂದರೆ ಎಷ್ಟೋ ಸಲ ಆ ಮಂಗಳವಾರವೂ ಗೇಟ್ ತೆಗೆದಿರುತ್ತದೆ. ವರ್ಷದಲ್ಲೇ ಜನ ಜಾಸ್ತಿ ಇರುವ ದಿನಗಳಲ್ಲಿ ಅವಕ್ಕಿದ್ದ ಒಂದು ರಜೆಯೂ ಹೋಗುತ್ತದೆ. ಝೂ ನಡೆಯುವುದು ಟಿಕೆಟ್ ದುಡ್ಡಿನ ಮೇಲೆ ಅಂತ ಬಲ್ಲೆ. ಲಾಕ್‌ಡೌನ್‌ನಲ್ಲಿ ಗೇಟ್ ಮುಚ್ಚಿದಾಗ ಎಷ್ಟು ಕಷ್ಟ ಆಯಿತು, ಪ್ರಾಣಿಗಳನ್ನು ದತ್ತು ತಗೊಳ್ಳಿ ಅಂತ ಹೇಗೆ ಕೇಳಿಕೊಂಡರು, ಜನ ಹೇಗೆ ಕೈ ಹಿಡಿದರು, ಎಲ್ಲ ನೋಡಿದ್ದೇವೆ. ಆ ಒಂದೆರಡು ಮಂಗಳವಾರದ ನಷ್ಟವನ್ನೂ ಹಾಗೆಯೇ ತುಂಬಿಕೊಡೋಣ. ಟಿಕೆಟ್‌ಗೆ ಹತ್ತು ರೂಪಾಯಿ ಜಾಸ್ತಿ ಮಾಡಲಿ, ನಾನು ಕೊಡುತ್ತೇನೆ. ಈ ದಸರೆಗೆ ಮಂಗಳವಾರ ಗೇಟ್ ಮುಚ್ಚಿಡಿ ಅಂತ ಝೂ ಪ್ರಾಧಿಕಾರಕ್ಕೆ ಕಾಗದ ಬರೆದಿದ್ದೇನೆ. ಮಗಳು ಕೆಳಗೆ ಎರಡು ಗೊರಿಲ್ಲಾ ಬರೆದು, ಒಂದರ ಕೈಗೆ ಕೊಂಬೆ ಕೊಟ್ಟು, ತನ್ನ ಹೆಸರನ್ನೂ ಹಾಕಿದ್ದಾಳೆ. ನೀವೂ ಬರೆಯಿರಿ.