ಪುಟ 00 ನೋಡಿ!

ಚಿತ್ರದುರ್ಗದ ಕೋಟೆ ಬಗ್ಗೆ ಹೊಸ ಪುಸ್ತಕ ಒಂದು ನಿನ್ನೆ ಕೈಗೆ ಬಂತು. ಆರ್ಟ್ ಪೇಪರ್, ಗಟ್ಟಿ ರಟ್ಟು, ಕಲರ್ ಫೋಟೊ. ಎಲ್ಲ ಜೋರಾಗಿದೆ. ಖುಷಿಯಿಂದ ಓದ್ತಾ ಹೋದೆ. ‘1779ರಲ್ಲಿ ಕೋಟೆ ಹೈದರಾಲಿ ವಶವಾದ ವಿವರಕ್ಕೆ ಪುಟ 00 ನೋಡಿ’ ಅಂತಿದೆ. ಎಲ್ಲಿ ನೋಡಲಿ ಸ್ವಾಮಿ, ರಟ್ಟಿನ ಒಳಗಾ? ತುಪ್ಪದ ಕೊಳಕ್ಕೆ ಪುಟ 64 ಅಂತೆ. ಹೋಗಿ ನೋಡಿದರೆ ಅಲ್ಲಿ ಸೀರೆ ಅಂಗಡಿ ಜಾಹೀರಾತು.

ಯಾರೋ ಒಬ್ಬರನ್ನು ಬೈದು ಏನೂ ಆಗೋದಿಲ್ಲ. ದುರ್ಗ, ದಾವಣಗೆರೆ ಎರಡೂ ಕಡೆ ಡಿಟಿಪಿಯವರ, ಅಂದ್ರೆ ಕಂಪ್ಯೂಟರ್‌ನಲ್ಲಿ ಪುಸ್ತಕದ ಪುಟ ಕೂರಿಸುವವರ ರೂಢಿಯೇ ಇದು. ಮೊದಲು 00 ಹಾಕೋದು, ಪುಟ ಕೂತ ಮೇಲೆ ಕೈಯಲ್ಲಿ ನಂಬರ್ ತುಂಬೋದು. ಪ್ರಿಂಟಿಗೆ ಹೋಗುವ ಹಿಂದಿನ ದಿನ ಲೇಖಕರು ಎರಡು ಫೋಟೊ ಹಿಡ್ಕೊಂಡು ಬಂದು ‘ಇವೂ ಸೇರಿಸ್ರಿ’ ಅಂತಾರೆ. ಪುಟಗಳೆಲ್ಲ ಜರುಗ್ತವೆ, ತುಂಬಿದ ನಂಬರ್ ತಪ್ಪಾಗುತ್ತೆ. ಅಲ್ಲಿಗೆ ಮುಗೀತು.

ಪುಟ ಕೂರಿಸುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಕ್ರಾಸ್ ರೆಫರೆನ್ಸ್, ಅಂದ್ರೆ ‘ಪುಟ ಇಂತಿಷ್ಟು ನೋಡಿ’ ಅನ್ನೋದನ್ನು ತಾನೇ ತುಂಬುವ ಸೌಲಭ್ಯ, ಬಂದದ್ದು 2008ರಲ್ಲಿ, ಸಿಎಸ್4 ಆವೃತ್ತಿಯ ಜೊತೆಗೆ. ಹೆಡಿಂಗ್‌ಗೆ ಕೊಂಡಿ ಹಾಕಿಟ್ಟರೆ ಸಾಕು. ಅದು ಯಾವ ಪುಟಕ್ಕೆ ಓಡಿದರೂ ಅಪ್‌ಡೇಟ್ ಒತ್ತಿದ ಕೂಡಲೇ ನಂಬರ್ ಸರಿಹೋಗುತ್ತದೆ. ಆ ಸಾಲು ಹೇಗೆ ಕಾಣಬೇಕು ಅನ್ನೋ ಫಾರ್ಮ್ಯಾಟಿನ ಡೆಫಿನಿಷನ್ ಕೂಡ ನಮ್ಮ ಕೈಯಲ್ಲೇ ಇದೆ. ಅದರಲ್ಲಿರುವ ‘ಆನ್ ಪೇಜ್’ ಅಳಿಸಿ ‘ಪುಟ’ ಅಂತ ಹಾಕಬೇಕು, ಅಷ್ಟೇ.

ಅಷ್ಟೇ ಅಂದೆ, ಆದರೆ ನಮ್ಮವರು ಓಡಿಹೋಗೋದು ಇಲ್ಲೇ. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯ ಹಳೆ ಫಾಂಟ್‌ನಲ್ಲಿ ಪುಸ್ತಕ ಮಾಡ್ತಿದ್ದರೆ ಡೆಫಿನಿಷನ್ ಬರೆಯುವ ವಿಂಡೋದಲ್ಲಿ ‘ಪುಟ’ ಅಂತ ಕಾಣೋದೇ ಇಲ್ಲ. ಜಪಾನಿನ ಯೆನ್ ಗುರುತು, ತಲೆ ಮೇಲೆ ಗೀಟು ಚುಕ್ಕೆ ಹೊತ್ತ ಇಂಗ್ಲಿಷ್ ‘ಎ’, ಇಂಥವೇ ಕಾಣ್ತವೆ. ಹೆದರಬೇಡಿ, ಅದೇ ಸರಿ. ಹಳೆ ಫಾಂಟ್ ಇಂಗ್ಲಿಷ್ ಗುರುತುಗಳ ಜಾಗದಲ್ಲೇ ಕನ್ನಡ ಅಕ್ಷರ ತೋರಿಸೋದು. ಅಲ್ಲಿ ಯೂನಿಕೋಡ್‌ನಲ್ಲಿ, ಅಂದ್ರೆ ಈಗ ಮೊಬೈಲ್‌ನಲ್ಲಿ ಬರೆಯುವ ಕನ್ನಡದಲ್ಲಿ ಟೈಪ್ ಮಾಡಿದರೆ ಪುಟದ ಮೇಲೆ ಖಾಲಿ ಚೌಕ ಬೀಳುತ್ತದೆ. ಇನ್ನೊಂದು ವಿಷಯ. ‘ಪುಟ ನೋಡಿ’ ಸಾಲಿಗೆ ಹೆಡಿಂಗ್‌ನ ಅಕ್ಷರ ಮಾತ್ರ ಬರುತ್ತದೆ, ಫಾಂಟ್ ಬರೋದಿಲ್ಲ. ಸುತ್ತ ಇಂಗ್ಲಿಷ್ ಫಾಂಟ್ ಇದ್ದರೆ ‘ಒನಕೆ ಕಿಂಡಿ’ ಗುರುತೇ ಸಿಗದ ಹಾಗೆ ಆಗುತ್ತದೆ. ಅದೇ ವಿಂಡೋದ ಕೆಳಗೆ ಕ್ಯಾರೆಕ್ಟರ್ ಸ್ಟೈಲ್ (ಅಕ್ಷರಕ್ಕೆ ಯಾವ ಫಾಂಟ್ ಅನ್ನೋ ಸೆಟ್ಟಿಂಗ್) ಆರಿಸೋಕೆ ಜಾಗ ಇದೆ. ನುಡಿಯ ಸ್ಟೈಲ್ ಕೊಡಿ, ಮುಗೀತು. ಅಧ್ಯಾಯಕ್ಕೊಂದು ಫೈಲ್ ಇದ್ದರೆ ಈ ಫಾರ್ಮ್ಯಾಟನ್ನು ಉಳಿದ ಫೈಲ್‌ಗಳಿಗೆ ಲೋಡ್ ಮಾಡಿಕೊಳ್ಳಿ. ಮತ್ತೆ ಮತ್ತೆ ಬರೀಬೇಕಾಗಿಲ್ಲ.

ಹೆಡಿಂಗ್ ಪೂರ್ತಿ ಅಳಿಸಿ ಹೊಸದಾಗಿ ಟೈಪ್ ಮಾಡಿದರೆ ಮಾತ್ರ ಕೊಂಡಿ ಹರಿಯುತ್ತದೆ. ಆಗ ಕ್ರಾಸ್ ರೆಫರೆನ್ಸ್ ಪ್ಯಾನಲ್‌ನಲ್ಲಿ ಕೆಂಪು ಬಾವುಟ ಕಾಣುತ್ತದೆ. ಕೈಯಲ್ಲಿ ಹಾಕಿದ 64ಕ್ಕೆ ಯಾವ ಬಾವುಟ ಕಾಣುತ್ತೆ, ಹೇಳಿ?

‘ಅಣ್ಣ, ನಮಗೆ ಕೊಡೋದು ಪುಟದ ಲೆಕ್ಕ. ಇದನ್ನೆಲ್ಲ ಮಾಡ್ತಾ ಕೂತರೆ ಹೊಟ್ಟೆಗೇನು?’ ಅಂತ ಹುಡುಗರು ಕೇಳ್ತಾರೆ. ರೇಟು ಕಡಿಮೆ, ಒಪ್ಪಿದೆ. ಆದರೆ ಅದೇ ಹುಡುಗರು ಕೊನೆ ಪ್ರೂಫಿನಲ್ಲಿ ರಾತ್ರಿಯೆಲ್ಲ ಕೂತು ನಂಬರ್ ತಿದ್ತಾರಲ್ಲ, ಅದಕ್ಕೆ ಯಾರು ದುಡ್ಡು ಕೊಡ್ತಾರೆ? ‘ಪುಟದ ನಂಬರ್ ಯಾರು ನೋಡ್ತಾರೆ ಬಿಡಿ’ ಅನ್ನೋರೂ ಇದ್ದಾರೆ. ನಾನು ನೋಡ್ತೀನಿ. ಸಾಕಾ?

ನಿಜ ಹೇಳ್ತೀನಿ, ಓದುಗರ ಮೇಲಿನ ಪ್ರೀತಿಯಿಂದ ನಾನು ಇದನ್ನು ಕಲಿತವನಲ್ಲ. ಪ್ರೂಫ್ ಅಂದ್ರೆ ನನಗೆ ಮೈಯೆಲ್ಲ ಉರಿ. ಶುದ್ಧ ಸೋಮಾರಿತನದಿಂದ ಕಲಿತದ್ದು.

ನುಡಿಗೆ ಹೊಂದಿಸಿದ ಫಾರ್ಮ್ಯಾಟ್ ಇರುವ ಇನ್‌ಡಿಸೈನ್ ಫೈಲ್ ನನ್ನ ಹತ್ತಿರ ಇದೆ. ಬೇಕಾದವರು ಪೆನ್‌ಡ್ರೈವ್ ತಂದು ಕಾಪಿ ಮಾಡ್ಕೊಂಡು ಹೋಗಿ, ಪುಕ್ಕಟೆ. ಹಳೆ ಸಾಫ್ಟ್‌ವೇರ್ ಪೇಜ್‌ಮೇಕರ್‌ಗೂ ಹಾಕಿಕೊಡಿ ಅಂತ ಮಾತ್ರ ಬರಬೇಡಿ. ಜಗಳ ಆಗುತ್ತೆ.